ಕಾರ್ಡ್ ಓದುತ್ತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮೊದಲು ಇಷ್ಟು ನೋಡಿ

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಅಕ್ಕ ಕಳೆದ ತಿಂಗಳು ಗಾಬರಿಯಲ್ಲಿ ಬಂದರು. ಕೈಯಲ್ಲಿ ಉಗುರಿನಷ್ಟು ಮೈಕ್ರೋ ಎಸ್‌ಡಿ ಕಾರ್ಡ್. ಮಾಟುಂಗಾದಲ್ಲಿ ನಡೆದ ಯಕ್ಷಗಾನವನ್ನು ಅವರ ಮಗ ಅದರಲ್ಲಿ ರೆಕಾರ್ಡ್ ಮಾಡಿದ್ದ. ಮನೆಯ ಹಳೇ ಲ್ಯಾಪ್‌ಟಾಪಿಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕು’ (ಅಂದರೆ ಇದ್ದದ್ದನ್ನು ಅಳಿಸಿ ಕಾರ್ಡನ್ನು ಹೊಸದಾಗಿ ಸಿದ್ಧಮಾಡಬೇಕು) ಅಂತ ಬರುತ್ತಿತ್ತು.

“ಒತ್ತಿಬಿಡ್ಲಾ ಮಾರಾಯ?”

“ಬೇಡ ಅಕ್ಕ, ಕ್ಯಾನ್ಸಲ್ ಒತ್ತಿ. ಕಾರ್ಡ್ ಇಲ್ಲಿ ಕೊಡಿ.”

ನನ್ನ ಹೊಸ ಕಾರ್ಡ್ ರೀಡರಿಗೆ ಹಾಕಿದ ಕೂಡಲೇ ಎಲ್ಲ ವಿಡಿಯೋ ತೆರೆದವು. ಕಾರ್ಡ್ ಕೆಟ್ಟಿರಲಿಲ್ಲ. 64 ಜಿಬಿ ಕಾರ್ಡನ್ನು ಓದುವ ಶಕ್ತಿ ಆ ಹಳೇ ಲ್ಯಾಪ್‌ಟಾಪಿಗೆ ಇರಲಿಲ್ಲ, ಅಷ್ಟೇ.

ಹಾಗಾಗಿ ಮೊದಲು ಬೇರೆ ರೀಡರಿನಲ್ಲಿ ಹಾಕಿ ನೋಡಿ. ಪುಟ್ಟ ಕಾರ್ಡ್ ಕೂರಿಸುವ ಅಡಾಪ್ಟರಿನ ಎಡಬದಿಯ ಪುಟ್ಟ ಗುಂಡಿ ‘ಲಾಕ್’ ಕಡೆ ಸರಿದಿದ್ದರೆ ಮೇಲಕ್ಕೆ ಸರಿಸಿ; ಅದು ಕೆಳಗಿದ್ದರೆ ಅಳಿಸಲೂ ಆಗದು, ಬರೆಯಲೂ ಆಗದು. ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕೊಳೆ ಕೂತಿದ್ದರೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ.

ಆಮೇಲೆ ಕಾರ್ಡಿನ ಮೇಲಿನ ಅಕ್ಷರ ಓದಿ. ಬರೀ ಎಸ್‌ಡಿ ಎಂದಿದ್ದರೆ 2 ಜಿಬಿವರೆಗೆ, ಎಸ್‌ಡಿಎಚ್‌ಸಿ ಎಂದರೆ 32 ಜಿಬಿವರೆಗೆ, ಅದಕ್ಕಿಂತ ಜಾಸ್ತಿ ಇದ್ದರೆ ಎಸ್‌ಡಿಎಕ್ಸ್‌ಸಿ, 2 ಟಿಬಿವರೆಗೆ. ಹೊಸ ಸಾಧನ ಹಳೇ ಕಾರ್ಡನ್ನು ಓದುತ್ತದೆ. ಹಳೇ ಸಾಧನ ಹೊಸ ಕಾರ್ಡನ್ನು ಓದುವ ಭರವಸೆ ಇಲ್ಲ.

ಇನ್ನೊಂದು ತೊಡಕು ಒಳಗಿನ ಬರವಣಿಗೆಯ ಪದ್ಧತಿ, ಅಂದರೆ ಫೈಲ್ ಸಿಸ್ಟಂ. 2 ಜಿಬಿ ಮೀರಿದ, 32 ಜಿಬಿವರೆಗಿನ ಕಾರ್ಡುಗಳಲ್ಲಿ ಫ್ಯಾಟ್32, ದೊಡ್ಡವುಗಳಲ್ಲಿ ಎಕ್ಸ್‌ಫ್ಯಾಟ್ ಇರುತ್ತದೆ. ಕಾರಿನ ಸ್ಟೀರಿಯೋ, ಮನೆಯಲ್ಲಿ ಬೆಳಿಗ್ಗೆ ಭಜನೆ ಹಾಕುವ ಸ್ಪೀಕರ್, ಇಂಥವು ಎಷ್ಟೋ ಸಲ ಫ್ಯಾಟ್32 ಮಾತ್ರ ಓದುತ್ತವೆ. ಅದಕ್ಕೆ ಸುಮ್ನೆ 32 ಜಿಬಿ ಕಾರ್ಡ್ ಕೊಳ್ಳಿ, ಸಾಕು. ಆದರೆ ಫ್ಯಾಟ್32ನಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಕೂರುವುದಿಲ್ಲ. ಇಡೀ ರಾತ್ರಿಯ ಆಟದ ವಿಡಿಯೋಗೆ ಎಕ್ಸ್‌ಫ್ಯಾಟೇ ಬೇಕು.

ಫಾರ್ಮ್ಯಾಟ್ ಮಾಡಲೇಬೇಕಾದರೆ ಮೊದಲು ಎಲ್ಲವನ್ನೂ ಬೇರೆಡೆ ಕಾಪಿ ಮಾಡಿ. ಕಾಪಿಯಾದ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ. ಈ ಎರಡನೇ ಕೆಲಸ ಬಿಟ್ಟವರು ಅತ್ತಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಯಾವ ಸಾಧನದಲ್ಲಿ ಬಳಸುತ್ತೀರೋ ಅದರಲ್ಲೇ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾದ ಕಾರ್ಡ್ ಕ್ಯಾಮೆರಾದಲ್ಲಿ. ಕಂಪ್ಯೂಟರಿನಲ್ಲೇ ಮಾಡುವುದಾದರೆ ಎಸ್‌ಡಿ ಅಸೋಸಿಯೇಷನ್ (ಈ ಕಾರ್ಡುಗಳ ನಿಯಮ ರೂಪಿಸುವ ಸಂಸ್ಥೆ) ಉಚಿತವಾಗಿ ಕೊಡುವ ‘ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್’ ಒಳ್ಳೆಯದು. ಆಂಡ್ರಾಯ್ಡ್ ಫೋನ್ ಕೇಳಿದಾಗ ‘ಪೋರ್ಟಬಲ್’ ಆರಿಸಿ. ‘ಇಂಟರ್ನಲ್’ ಎಂದರೆ ಫೋನ್ ಅದಕ್ಕೆ ಗುಪ್ತಲಿಪಿಯ ಬೀಗ ಹಾಕುತ್ತದೆ, ಬೇರೆಲ್ಲೂ ತೆರೆಯದು.

ಅಯ್ಯೋ, ಆಗಲೇ ಒತ್ತಿಬಿಟ್ಟಿರಾ? ಕಾರ್ಡನ್ನು ಹೊರಗೆ ತೆಗೆಯಿರಿ. ಒಂದು ಫೋಟೋ ಕೂಡ ಹೊಸದಾಗಿ ತೆಗೆಯಬೇಡಿ. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಪರಿವಿಡಿಯನ್ನಷ್ಟೇ. ಪುಟಗಳು, ಅಂದರೆ ನಿಮ್ಮ ಫೈಲುಗಳು, ಬಹಳಷ್ಟು ಒಳಗೇ ಇರುತ್ತವೆ. ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶ ಹಲವು ಸಲ ಅವನ್ನು ಹೆಕ್ಕಿ ಕೊಡುತ್ತದೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ.

ಎಲ್ಲ ಸರಿಯಿದ್ದರೂ ಫೈಲುಗಳು ಪದೇ ಪದೇ ಹಾಳಾಗುತ್ತಿದ್ದರೆ ಕಾರ್ಡ್ ನಕಲಿ ಇರಬಹುದು. 64 ಎಂದು ಬರೆದು ಒಳಗೆ 8 ಜಿಬಿ ಮಾತ್ರ ಇಟ್ಟ ಕಾರ್ಡುಗಳು ಇವೆ. ಕಾರ್ಡನ್ನು ಖಾಲಿ ಮಾಡಿ ವಿಂಡೋಸ್‌ನಲ್ಲಿ ‘ಎಚ್‌2ಟೆಸ್ಟ್‌ಡಬ್ಲ್ಯೂ’ ಎಂಬ ತಂತ್ರಾಂಶ ಓಡಿಸಿ. ಅದು ಕಾರ್ಡನ್ನು ಪೂರ್ತಿ ತುಂಬಿ, ಬರೆದದ್ದನ್ನು ಮತ್ತೆ ಓದಿ ಲೆಕ್ಕ ಒಪ್ಪಿಸುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು. ರಾತ್ರಿ ಶುರು ಮಾಡಿ ಮಲಗಿಬಿಡಿ.