ಮನೆಯಲ್ಲೊಬ್ಬರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದಾಗ ಆನುವಂಶಿಕ ಅಪಾಯವನ್ನು ಅಂದಾಜಿಸುವ ಬಗೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ಮೊದಲು ರೋಗಿಯೊಂದಿಗೆ ನಿಮಗಿರುವ ರಕ್ತಸಂಬಂಧ ಎಷ್ಟು ಹತ್ತಿರದ್ದೆಂದು ಗುರುತಿಸಿಕೊಳ್ಳಿ, ಏಕೆಂದರೆ ಅಪಾಯದ ಪ್ರಮಾಣವು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಪಾಶ್ಚಾತ್ಯ ದೇಶಗಳ ಅಧ್ಯಯನಗಳ ಪ್ರಕಾರ, ಹೆತ್ತವರಲ್ಲಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ ಜೀವಮಾನದ ಅಪಾಯವು ಸುಮಾರು ಶೇ 2ರಿಂದ 3ರಷ್ಟಿರುತ್ತದೆ. ತದ್ರೂಪಿ ಅವಳಿಗಳಲ್ಲಿ ಅದು ಸುಮಾರು ಶೇ 25. ವಂಶವಾಹಿಗಳು ಒಂದೇ ಆಗಿದ್ದರೂ ಬಹುಪಾಲು ಅವಳಿ ಜೊತೆಗಾರರು ರೋಗದಿಂದ ಪಾರಾಗುತ್ತಾರೆ ಎಂಬ ಸಂಗತಿಯೇ, ನನ್ನ ಮಟ್ಟಿಗೆ, ಉಳಿದೆಲ್ಲ ಅಂಕಿಗಳಿಗಿಂತ ಮುಖ್ಯವಾದುದು.

ಡಿಎನ್‌ಎ ವರದಿ ಕೈಯಲ್ಲಿದ್ದರೆ ಎಚ್‌ಎಲ್‌ಎ-ಡಿಆರ್‌ಬಿ1*15:01 ಎಂಬ ಜೀನ್ ರೂಪಾಂತರವನ್ನು ಹುಡುಕಿ. 6ನೇ ವರ್ಣತಂತುವಿನಲ್ಲಿರುವ ಈ ಜೀನ್, ಪ್ರೋಟೀನಿನ ತುಣುಕುಗಳನ್ನು ರೋಗನಿರೋಧಕ ಟಿ ಕೋಶಗಳಿಗೆ ತೋರಿಸುವ ಕೆಲಸ ಮಾಡುತ್ತದೆ. ಆ ರೂಪಾಂತರ ಇದ್ದವರಲ್ಲಿ ಅಪಾಯವು ಸುಮಾರು ಮೂರು ಪಟ್ಟು ಹೆಚ್ಚಾದರೂ, ಅದನ್ನು ಹೊತ್ತವರಲ್ಲಿ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ. ಇದಲ್ಲದೆ 200ಕ್ಕೂ ಹೆಚ್ಚು ರೂಪಾಂತರಗಳು ಪತ್ತೆಯಾಗಿದ್ದು, ಒಂದೊಂದರ ಪ್ರಭಾವವೂ ಅತ್ಯಲ್ಪ. ಇವನ್ನೆಲ್ಲ ಕೂಡಿಸಿ ಕೊಡುವ ‘ಅಪಾಯದ ಅಂಕ’ವು ಹೆಚ್ಚಾಗಿ ಯುರೋಪಿಯನ್ ಮೂಲದವರ ದತ್ತಾಂಶವನ್ನು ಆಧರಿಸಿರುವುದರಿಂದ, ಭಾರತೀಯರು ಅದನ್ನು ಇದ್ದ ಹಾಗೆಯೇ ಅನ್ವಯಿಸಿಕೊಳ್ಳಬಾರದು.

ವಂಶವಾಹಿಯನ್ನು ಬದಲಿಸಲಾಗದು, ಆದರೆ ಧೂಮಪಾನವನ್ನು ಬಿಡಬಹುದು, ಮಕ್ಕಳ ಹದಿಹರೆಯದ ಬೊಜ್ಜನ್ನು ತಡೆಯಬಹುದು, ವಿಟಮಿನ್ ಡಿ ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ಸರಿಪಡಿಸಿಕೊಳ್ಳಬಹುದು. ಎಪ್‌ಸ್ಟೀನ್-ಬಾರ್ ವೈರಾಣುವಿನ ಸೋಂಕು ಈ ರೋಗದ ಪ್ರಬಲ ಕಾರಣವೆಂದು 2022ರಲ್ಲಿ ಪ್ರಕಟವಾದ ಅಮೆರಿಕದ ಸೈನಿಕರ ಅಧ್ಯಯನ ತೋರಿಸಿತಾದರೂ, ಅದಕ್ಕೆ ಇನ್ನೂ ಬಳಕೆಗೆ ಬಂದ ಲಸಿಕೆಯಿಲ್ಲ.

ಲಕ್ಷಣಗಳಿಲ್ಲದವರು ಕೇವಲ ಭಯದಿಂದ ಜೀನ್ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಒಂದು ಕಣ್ಣು ನೋವಿನೊಂದಿಗೆ ಮಂಜಾದರೆ, ಅಥವಾ ಕೈಕಾಲಿನ ಜೋಮು ದಿನಗಟ್ಟಲೆ ಬಿಡದಿದ್ದರೆ, ನರರೋಗ ತಜ್ಞರನ್ನು ತಡಮಾಡದೆ ಕಾಣಿರಿ ಮತ್ತು ಮನೆಯಲ್ಲಿ ಯಾರಿಗೆ ಈ ಕಾಯಿಲೆಯಿದೆ ಎಂಬುದನ್ನು ಮೊದಲೇ ತಿಳಿಸಿರಿ.