ಬಡಗಿಯ ಹೆಸರಿರುವ ಕಿಟಕಿ: ಹೊಸಬರಿಗೆ ಲಿಟಲ್ ಮೋರ್ಟನ್ ಹಾಲ್

ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳು ನಮ್ಮ ಮನೆಗೆ ಊಟಕ್ಕೆ ಬಂದಾಗ, ಎಲೆ ಎತ್ತುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಶನಿವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ? ಲಂಡನ್ನಿನ ಅರಮನೆಗಳ ಪಟ್ಟಿ ಅವರ ಬಳಿ ಆಗಲೇ ಸಿದ್ಧವಾಗಿರುತ್ತದೆ. ನೋಡಲಿ, ಬೇಡ ಎನ್ನುವುದಿಲ್ಲ. ಆದರೆ ಮ್ಯಾಂಚೆಸ್ಟರ್, ಸ್ಟೋಕ್, ಕ್ರೂ ಕಡೆ ಮನೆ ಮಾಡಿದವರಿಗೆ ನಾನು ಮೊದಲು ಹೇಳುವ ಹೆಸರು ಲಿಟಲ್ ಮೋರ್ಟನ್ ಹಾಲ್. ಚೆಷೈರ್ ಕೌಂಟಿಯಲ್ಲಿ, ಕಾಂಗಲ್ಟನ್ ಪಟ್ಟಣದಿಂದ ನಾಲ್ಕು ಮೈಲಿ ಆಚೆ, ಎ34 ರಸ್ತೆಯ ಮಗ್ಗುಲಲ್ಲೇ ಈ ಮನೆ ಇದೆ. ರಾಜರು ಇದ್ದ ಜಾಗವಲ್ಲ ಇದು. ಜಮೀನು ಮಾಡಿಕೊಂಡು ಮೇಲೆ ಬಂದ ಮೋರ್ಟನ್ ಎಂಬ ಮನೆತನ ಕಟ್ಟಿಸಿಕೊಂಡ ಮರದ ಮನೆ.

ಟ್ಯೂಡರ್ ಎಂದರೆ 1485ರಲ್ಲಿ ಏಳನೇ ಹೆನ್ರಿ ಪಟ್ಟಕ್ಕೆ ಬಂದಲ್ಲಿಂದ 1603ರಲ್ಲಿ ಮೊದಲನೇ ಎಲಿಜಬೆತ್ ತೀರಿಕೊಂಡವರೆಗಿನ ಕಾಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟವೇರುವ ಆಸುಪಾಸಿನಲ್ಲಿ ಇಲ್ಲಿ ದೊಡ್ಡ ಹಜಾರದ ಕಂಬಗಳು ಎದ್ದವು. ಆಮೇಲೆ ತಲೆಮಾರಿಗೊಂದು ಭಾಗ ಸೇರಿಸುತ್ತಾ ಸುಮಾರು 1610ರವರೆಗೆ ಕಟ್ಟುತ್ತಲೇ ಹೋದರು. ಮನೆಯ ಯಾವ ಗೋಡೆಯೂ ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ನಿಮಗೆ ಅನ್ನಿಸಿದರೆ ಕಾರಣ ಇದೇ.

ಮೊದಲು ಹೋಗುವ ದಾರಿ. ಮ್ಯಾಂಚೆಸ್ಟರ್ ಮತ್ತು ಸ್ಟೋಕ್ ನಡುವಿನ ರೈಲು ಮಾರ್ಗದಲ್ಲಿ ಕಿಡ್ಸ್‌ಗ್ರೋವ್ ಹತ್ತಿರದ ನಿಲ್ದಾಣ. ಅಲ್ಲಿಂದ ಮೂರು ಮೈಲಿ. ಟ್ಯಾಕ್ಸಿಯನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ, ಮರಳಿ ಬರುವುದಕ್ಕೂ ಸೇರಿಸಿ. ಮನೆ ವರ್ಷವಿಡೀ, ವಾರದ ಎಲ್ಲ ದಿನ ತೆರೆದಿರುತ್ತದೆ ಎಂದುಕೊಳ್ಳಬೇಡಿ. ನಾವು ಮೊದಲ ಸಲ ಒಂದು ಚಳಿಗಾಲದಲ್ಲಿ ವಿಚಾರಿಸದೆ ಹೊರಟು, ಮುಚ್ಚಿದ ಗೇಟಿನ ಮುಂದೆ ಮಳೆಯಲ್ಲಿ ನಿಂತು ವಾಪಸಾದೆವು. ಹೊರಡುವ ಬೆಳಗ್ಗೆ ವೇಳೆಯನ್ನು ಒಮ್ಮೆ ನೋಡಿಕೊಂಡರೆ ಸಾಕು.

ಟಿಕೆಟ್ ಕೊಡುವಲ್ಲಿ ಹೊಸಬರು ತಡವರಿಸುವ ಒಂದು ಮಾತಿದೆ: ಗಿಫ್ಟ್ ಏಡ್. ಈ ಮನೆ 1938ರಿಂದ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯ ವಶದಲ್ಲಿದೆ. ನೀವು ಇಲ್ಲಿ ಆದಾಯ ತೆರಿಗೆ ಕಟ್ಟುವವರಾಗಿದ್ದು ಗಿಫ್ಟ್ ಏಡ್‌ಗೆ ಒಪ್ಪಿದರೆ, ನಿಮ್ಮ ಪ್ರತಿ ಪೌಂಡಿನ ಮೇಲೆ ಸಂಸ್ಥೆಗೆ ಸರ್ಕಾರದಿಂದ 25 ಪೆನ್ಸ್ ಸಿಗುತ್ತದೆ. ಟಿಕೆಟ್‌ನ ವಿಷಯದಲ್ಲಿ ಇದಕ್ಕಾಗಿ ನಿಮ್ಮಿಂದ ತುಸು ಹೆಚ್ಚು ಹಣ ಕೇಳುವುದೂ ಉಂಟು. ಒಪ್ಪುವುದು, ಬಿಡುವುದು ನಿಮ್ಮ ಇಷ್ಟ. ಬೇಡವೆಂದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಬಂದ ವರ್ಷವೇ ಕುಟುಂಬದ ಸದಸ್ಯತ್ವ ಮಾಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಟ್ರಸ್ಟಿನ ಬೇರೆ ಮನೆ, ತೋಟಗಳಿಗೂ ಅದೇ ಚೀಟಿ ನಡೆಯುತ್ತದೆ. ಕೊಟ್ಟ ಹಣಕ್ಕೆ ಪೂರ್ತಿ ನೋಡಿಯೇ ತೀರಬೇಕೆಂಬ ಅವಸರ ಆಗ ಇರುವುದಿಲ್ಲ. ಮಗು ಅತ್ತರೆ ಅರ್ಧಕ್ಕೆ ಎದ್ದು ಬರಬಹುದು.

ಕಂದಕದ ಮೇಲಿನ ಕಲ್ಲಿನ ಸೇತುವೆಗೆ ಬಂದಾಗ ಮನೆ ಪೂರ್ತಿ ಕಾಣುತ್ತದೆ. ಸುಮಾರು 10 ಮೀಟರ್ ಅಗಲದ ನೀರು, ಅದರಾಚೆ ಕಪ್ಪು ಮರ, ಬಿಳಿ ಗಾರೆಯ ಚೌಕಗಳು, ಕೆಳಗಿನ ಅಂತಸ್ತಿಗಿಂತ ಮೇಲಿನದು ಮುಂದಕ್ಕೆ ಚಾಚಿಕೊಂಡ ಗೋಡೆಗಳು. ಮನೆ ಮಾಲಿದಂತೆ, ನಡು ಬಾಗಿದಂತೆ ಕಾಣುವುದು ಕಣ್ಣಿನ ಭ್ರಮೆಯಲ್ಲ. ಕಂದಕ ಶತ್ರುಗಳನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಮನೆತನದ ಸ್ಥಾನಮಾನ ತೋರಿಸುವುದಕ್ಕೇ ತೋಡಿದ್ದು ಎನ್ನುತ್ತಾರೆ. ಇನ್ನು ಈ ಕಡುಗಪ್ಪು ಬಣ್ಣ. ಟ್ಯೂಡರ್ ಕಾಲದ ಓಕ್ ಮರವನ್ನು ಸಾಮಾನ್ಯವಾಗಿ ಹಾಗೆಯೇ ಬಿಡುತ್ತಿದ್ದರು, ಅದು ಬಿಸಿಲು ಮಳೆಗೆ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಕಪ್ಪು ಬಳಿಯುವ ರೂಢಿ 19ನೇ ಶತಮಾನದ್ದು.

ಬಾಗಿಲು ದಾಟಿದರೆ ಕಲ್ಲು ಹಾಸಿದ ಅಂಗಳ. ಮೂರು ಕಡೆ ಮನೆ, ಮೇಲೆ ಆಕಾಶ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇಲ್ಲಿ ಯಾರೂ ಏನೂ ವಿವರಿಸಬೇಕಿಲ್ಲ. ಇಲ್ಲಿಯೇ ನಿಲ್ಲಿ. ಹೆಚ್ಚಿನವರು ನೇರವಾಗಿ ಒಳಗೆ ನಡೆದುಬಿಡುತ್ತಾರೆ, ನಾನೂ ಮೊದಲೆರಡು ಸಲ ಹಾಗೆಯೇ ನಡೆದಿದ್ದೆ. ಮೂರನೆಯ ಸಲ ಅಲ್ಲಿ ಸೇವೆಗೆ ನಿಂತಿದ್ದ ಹಿರಿಯರೊಬ್ಬರು ನನ್ನ ಮಗಳ ಪಕ್ಕ ಬಗ್ಗಿ, ಬೆರಳು ಮೇಲಕ್ಕೆ ಮಾಡಿ "ಓದು ನೋಡೋಣ" ಎಂದರು.

ಎದುರಿಗೆ ಎರಡಂತಸ್ತಿನ ಎರಡು ಉಬ್ಬುಕಿಟಕಿಗಳು. ಬೆರಳಿನಗಲದ ಸೀಸದ ಪಟ್ಟಿಗಳ ನಡುವೆ ಅಂಗೈಯಷ್ಟು ಗಾಜಿನ ತುಂಡುಗಳು. ಒಂದೊಂದೂ ಒಂದೊಂದು ಕೋನಕ್ಕೆ ತಿರುಗಿದೆ, ಹಾಗಾಗಿ ಮೋಡ ಸರಿದಾಗ ಬೆಳಕು ಒಂದೇ ಸಲ ಹೊಳೆಯದೆ ಚೂರುಚೂರಾಗಿ ಓಡುತ್ತದೆ. ಆ ಕಿಟಕಿಗಳ ಮೇಲಿನ ಮರದಲ್ಲಿ ಅಕ್ಷರ ಕೆತ್ತಿದೆ. ದೇವರೇ ಎಲ್ಲದರಲ್ಲೂ ಎಲ್ಲ ಎಂದು ಶುರುವಾಗಿ, ಈ ಕಿಟಕಿಗಳನ್ನು ವಿಲಿಯಂ ಮೋರ್ಟನ್ ಮಾಡಿಸಿದ ಎಂದು ಹೇಳಿ, ರೋಮನ್ ಅಂಕಿಯಲ್ಲಿ 1559 ಎಂದು ಇಸವಿ ಹಾಕಿದೆ. ಅಷ್ಟಕ್ಕೇ ನಿಂತಿಲ್ಲ: ರಿಚರ್ಡ್ ಡೇಲ್ ಎಂಬ ಬಡಗಿ ದೇವರ ದಯೆಯಿಂದ ಈ ಕಿಟಕಿಗಳನ್ನು ಮಾಡಿದ ಎಂದೂ ಇದೆ. ಬಡಗಿ ಎಂಬ ಪದವನ್ನು 'ಕಾರ್ಪೆಡರ್' ಎಂದು ತಿದ್ದದೆ ಬರೆದಿದೆ. ನನ್ನ ಮಗಳು ಅಕ್ಷರ ಕೂಡಿಸಿ ಓದಿ ಮುಗಿಸಿದಾಗ ನನಗೆ ನೆನಪಾದದ್ದು ಬೇಲೂರು. ಅಲ್ಲಿಯೂ ವಿಗ್ರಹಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬರೆದಿಟ್ಟಿದ್ದಾರೆ. ಮಾಡಿಸಿದವನ ಹೆಸರಿನ ಜೊತೆಗೆ ಮಾಡಿದವನ ಹೆಸರನ್ನೂ ಉಳಿಸಿಕೊಂಡ ಮನೆ ಎಂಬ ಒಂದೇ ಕಾರಣಕ್ಕೆ ನಾನು ಇಲ್ಲಿಗೆ ಮತ್ತೆ ಮತ್ತೆ ಹೋಗುತ್ತೇನೆ.

ಕೋಣೆ ಕೋಣೆಯಲ್ಲಿ ನಿಂತಿರುವ ಇಂಥ ಹಿರಿಯರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಅವರೇ ಬಂದು ಮೈಮೇಲೆ ಬಿದ್ದು ಮಾತಾಡಿಸುವುದಿಲ್ಲ, ನೀವು ಕೇಳಲಿ ಎಂದು ಕಾಯುತ್ತಾರೆ. ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ. "ಈ ಕೋಣೆಯಲ್ಲಿ ನಿಮಗೆ ಇಷ್ಟವಾದದ್ದು ಯಾವುದು?" ಎಂದು ಕೇಳಿದರೆ ಹತ್ತು ನಿಮಿಷದ ಮಾತು ಗ್ಯಾರಂಟಿ. ಇಲ್ಲಿಗೆ ಬಂದ ಮೊದಲ ವರ್ಷ ಅಕ್ಕಪಕ್ಕದವರೊಡನೆ ಮಾತು ಬೆಳೆಸಲು ಒದ್ದಾಡಿದ ನನ್ನ ಹೆಂಡತಿಗೆ ಮಾತಿನ ಧೈರ್ಯ ಬಂದದ್ದು ಇಂಥ ಮನೆಗಳಲ್ಲಿಯೇ.

ಒಳಗೆ ಪೀಠೋಪಕರಣ ತುಂಬಿರುತ್ತದೆ ಎಂದು ಬಂದವರಿಗೆ ಖಾಲಿ ಕೋಣೆಗಳು ಬೇಸರ ತರಬಹುದು. ಹಳೆಯದರಲ್ಲಿ ಉಳಿದಿರುವುದು ಮೂರೇ: ಉದ್ದನೆಯ ಊಟದ ಮೇಜು, ಒಂದು ದುಂಡು ಮೇಜು, ಒಂದು ಪೆಟ್ಟಿಗೆಗಳ ಕಪಾಟು. ಇದರ ಹಿಂದೆ ಒಂದು ಕಥೆ ಇದೆ. 1640ರ ದಶಕದ ಅಂತರ್ಯುದ್ಧದಲ್ಲಿ ಮೋರ್ಟನ್‌ಗಳು ರಾಜನ ಪಕ್ಷ, ಸುತ್ತಲಿನವರು ಪಾರ್ಲಿಮೆಂಟಿನ ಪಕ್ಷ. ಮನೆಯಲ್ಲಿ ಸೈನಿಕರು ಬೀಡುಬಿಟ್ಟರು, ಯಜಮಾನ ಸೆರೆಯಾದ, ಸಾಲ ಬೆಳೆಯಿತು. ಕೊನೆಗೆ ಮನೆ ಗೇಣಿ ರೈತರ ಪಾಲಾಯಿತು. ಒಂದು ಕಾಲಕ್ಕೆ ಪ್ರಾರ್ಥನಾ ಮಂದಿರದಲ್ಲಿ ಕಲ್ಲಿದ್ದಲು ತುಂಬಿದ್ದರು. ಹೊಸದಾಗಿ ಮಾರ್ಪಡಿಸಲು ಕೈಯಲ್ಲಿ ಕಾಸಿಲ್ಲದ್ದರಿಂದಲೇ ಟ್ಯೂಡರ್ ಮನೆ ಇಷ್ಟರಮಟ್ಟಿಗೆ ಟ್ಯೂಡರ್ ಆಗಿ ಉಳಿಯಿತು ಎಂದು ನನಗೆ ಅನ್ನಿಸುತ್ತದೆ. ಚಿಕ್ಕ ಪಡಸಾಲೆಯಲ್ಲಿ 1976ರಲ್ಲಿ ಹಲಗೆ ಬಿಚ್ಚಿದಾಗ ಹಿಂದೆ ಬಣ್ಣದ ಚಿತ್ರಗಳು ಸಿಕ್ಕವು. ಬೈಬಲ್ ಪರಂಪರೆಯ ಸುಸನ್ನಾಳ ಕಥೆ ಅದರಲ್ಲಿದೆ.

ಮೇಲಿನ ಉದ್ದ ಮೊಗಸಾಲೆಗೆ ಏರುವ ಮೆಟ್ಟಿಲು ಕಡಿದು. ಮಗುವಿನ ಗಾಡಿ, ಬೆನ್ನಿನ ದೊಡ್ಡ ಚೀಲ, ಚೂಪು ಹಿಮ್ಮಡಿಯ ಚಪ್ಪಲಿ ಇವಕ್ಕೆ ಇಲ್ಲಿ ಜಾಗವಿಲ್ಲ. ಮಂಡಿನೋವಿರುವ ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಅವರು ಕೆಳಗೇ ಕೂತರೆ ಲೇಸು. ಸುಮಾರು 68 ಅಡಿ ಉದ್ದದ ಕೋಣೆ, ಎಲ್ಲ ಕಡೆ ಕಿಟಕಿ. ಹೆಜ್ಜೆ ಇಟ್ಟರೆ ನೆಲ ಅಲೆಯಂತೆ ಏರಿಳಿಯುವುದು ಪಾದಕ್ಕೆ ಗೊತ್ತಾಗುತ್ತದೆ. ಮನೆ ಕಟ್ಟುತ್ತಿರುವಾಗ ಆಮೇಲೆ ಹೊಳೆದ ಯೋಚನೆ ಇದು, ಮೇಲೆ ಭಾರದ ಕಲ್ಲುಚಪ್ಪಡಿಯ ಸೂರು ಬೇರೆ. ಆ ತೂಕಕ್ಕೆ ಕೆಳಗಿನದೆಲ್ಲ ಬಾಗಿದೆ. ಮಳೆಯ ದಿನಗಳಲ್ಲಿ ಮನೆಯವರು ಇಲ್ಲಿ ಅಡ್ಡಾಡುತ್ತಿದ್ದರು, ಆಡುತ್ತಿದ್ದರು. ಹಲಗೆಗಳ ಹಿಂದೆ ಹಳೆಯ ಟೆನಿಸ್ ಚೆಂಡುಗಳು ಸಿಕ್ಕಿವೆ.

ಎರಡು ತುದಿಯ ಗಾರೆ ಚಿತ್ರಗಳನ್ನು ತಪ್ಪಿಸಬೇಡಿ. ಒಂದು ಕಡೆ ಅದೃಷ್ಟದೇವತೆಯ ಚಕ್ರ, ಅದನ್ನು ಆಳುವುದು ಅಜ್ಞಾನ. ಇನ್ನೊಂದು ಕಡೆ ವಿಧಿಯ ಗೋಳ, ಅದನ್ನು ಆಳುವುದು ಜ್ಞಾನ. ಇಂಗ್ಲಿಷಿನಲ್ಲಿ 'ಸ್ಫಿಯರ್' ಎಂದಿರಬೇಕಾದ ಕಡೆ ಗಾರೆಯವನು 'ಸ್ಪಿಯರ್' ಎಂದು ಬರೆದು ಗೋಳವನ್ನು ಈಟಿ ಮಾಡಿದ್ದಾನೆ. ಈ ಚಿತ್ರಗಳಿಗೆ ಮೂಲ ರಾಬರ್ಟ್ ರೆಕಾರ್ಡ್ ಎಂಬ ಗಣಿತಜ್ಞನ 1556ರ ಖಗೋಳ ಪುಸ್ತಕ. ಮರುವರ್ಷ ಇದೇ ಮನುಷ್ಯ ಸಮ ಚಿಹ್ನೆಯನ್ನು, ಆ ಎರಡು ಸಮಾನಾಂತರ ಗೆರೆಗಳನ್ನು, ಬಳಕೆಗೆ ತಂದ. ಶಾಲೆಗೆ ಹೋಗುವ ಮಕ್ಕಳಿಗೆ ಇದನ್ನು ಅಲ್ಲಿಯೇ, ಚಿತ್ರದ ಕೆಳಗೆ ನಿಂತು ಹೇಳಿ.

ತೋಟ ದೊಡ್ಡದಲ್ಲ. ಮನೆಯ ಹಿಂದೆ ಗಂಟುತೋಟವಿದೆ: ಮೊಣಕಾಲೆತ್ತರವೂ ಇರದ ಬೇಲಿಗಿಡವನ್ನು ಕತ್ತರಿಸಿ, ನೆಲದ ಮೇಲೆ ಎಳೆ ರಂಗೋಲಿ ಬಿಟ್ಟಂತೆ ಬೆಳೆಸಿದ್ದು. ಟ್ಯೂಡರ್ ಕಾಲದಿಂದ ಹಾಗೇ ಉಳಿದದ್ದಲ್ಲ. 1670ರಲ್ಲಿ ಅಚ್ಚಾದ ತೋಟಗಾರಿಕೆ ಪುಸ್ತಕವೊಂದರ ನಕ್ಷೆ ನೋಡಿ 1972ರಲ್ಲಿ ನೆಟ್ಟದ್ದು. ನಿಂತಲ್ಲಿಂದ ನೋಡಿದರೆ ಸಾಲುಗಿಡ ಅಷ್ಟೇ. ಅದನ್ನು ಮೇಲಿನಿಂದ ನೋಡಲೆಂದೇ ಆ ಕಾಲದವರು ಮಣ್ಣಿನ ದಿಬ್ಬ ಎಬ್ಬಿಸುತ್ತಿದ್ದರು, ಇಲ್ಲಿ ಎರಡು ಉಳಿದಿವೆ. ಯೂ ಮರಗಳ ಸುರಂಗದಲ್ಲಿ ಮಕ್ಕಳು ಓಡಲಿ.

ಬುತ್ತಿ ಕಟ್ಟಿಕೊಂಡು ಹೋಗಿ. ಪುಳಿಯೋಗರೆ ಮೊಸರನ್ನಕ್ಕೆ ಯಾರ ಆಕ್ಷೇಪವೂ ಇಲ್ಲ, ಮನೆಯೊಳಗೆ ಮಾತ್ರ ಬಿಚ್ಚುವಂತಿಲ್ಲ. ಹೊರಗೆ ಎಲ್ಲಿ ಕೂರಬಹುದೆಂದು ಬಾಗಿಲಲ್ಲೇ ಕೇಳಿಕೊಳ್ಳಿ. ಚಹಾ ಜೊತೆ ಸ್ಕೋನ್ ತಿನ್ನುವ ಮುನ್ನ, ಮೊಟ್ಟೆ ಬಿಟ್ಟವರಾದರೆ ವಿಚಾರಿಸಿ.

ಹಣ್ಣಿನ ತೋಪಿನಲ್ಲಿ ಸೇಬು, ಪೇರ್, ಕ್ವಿನ್ಸ್ ಜೊತೆಗೆ ಮೆಡ್ಲರ್ ಎಂಬ ಕಂದು ಹಣ್ಣಿನ ಮರಗಳಿವೆ. ಶರತ್ಕಾಲದಲ್ಲಿ ಹೋದರೆ ಅದನ್ನು ಹುಡುಕಿ ನೋಡಿ. ಮರದಲ್ಲಿರುವಾಗ ಒಗರು, ಕಲ್ಲಿನಂಥ ಕಾಯಿ; ಕಿತ್ತು ವಾರಗಟ್ಟಲೆ ಇಟ್ಟು, ಕೊಳೆತಿತೇನೋ ಎನ್ನುವಷ್ಟು ಮೆತ್ತಗಾದ ಮೇಲೆ ಒಳಗಿನ ತಿರುಳು ಸಿಹಿಯಾಗುತ್ತದೆ. ಕೀಳಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿರಿ.