ಗೆಳೆಯರು ಬಿಟ್ಟುಹೋದ ಪ್ಲೇಟುಗಳು: ನೀರು ಮುಟ್ಟಿಸುವ ಮೊದಲು

ಸಂಗೀತದ ಹುಚ್ಚಿದ್ದ ಗೆಳೆಯರೊಬ್ಬರು ತೀರಿಕೊಳ್ಳುತ್ತಾರೆ. ಬೊಜ್ಜ (ಉತ್ತರಕ್ರಿಯೆ) ಕಳೆದ ಮೇಲೆ ಮನೆಯವರ ಫೋನ್ ಬರುತ್ತದೆ. "ಪ್ಲೇಟುಗಳೆಲ್ಲ ಹಾಗೇ ಉಂಟು. ನಮಗೆ ಅದರ ಗಂಧಗಾಳಿ ಇಲ್ಲ. ನೀವೇ ಕೊಂಡುಹೋಗಿ."

ಕಾಸರಗೋಡಿನ ಕಡೆ ಈಗ ಇದು ಆಗಾಗ ನಡೆಯುತ್ತಿದೆ. ಪ್ಲೇಟು, ಅಂದರೆ ಹಾಡಿನ ಗ್ರಾಮಫೋನ್ ರೆಕಾರ್ಡು, ಕೂಡಿಟ್ಟವರ ತಲೆಮಾರು ಮುಗಿಯುತ್ತಾ ಬಂತು. ಕೊಂಡುಹೋದವರು ಮರುದಿನವೇ ಬಕೆಟ್, ಸೋಪು ಹಿಡಿದು ಕೂರುತ್ತಾರೆ. ಐವತ್ತು ವರ್ಷ ಬಾಳಿದ್ದು ಒಂದು ಮಧ್ಯಾಹ್ನದಲ್ಲಿ ಹಾಳಾಗುತ್ತದೆ. ಅದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ತರುವ ಮೊದಲು

ಗೆಳೆತನ ಎಷ್ಟೇ ಗಟ್ಟಿ ಇರಲಿ, ಉಯಿಲು ಇಲ್ಲದಿದ್ದರೆ ಗೆಳೆಯ ವಾರಸುದಾರ ಆಗುವುದಿಲ್ಲ. ಹೆಂಡತಿ, ಮಕ್ಕಳು ಎಲ್ಲರೂ ಒಂದು ಹಾಳೆಯಲ್ಲಿ "ಒಪ್ಪಿ ಕೊಟ್ಟಿದ್ದೇವೆ" ಅಂತ ಬರೆದು ಸಹಿ ಹಾಕಲಿ. ಮುಂದಿನ ರಜೆಗೆ ದುಬೈಯಿಂದ ಬರುವ ಮಗನ ಜೊತೆ ಮುಖ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಕಪಾಟಿನಿಂದ ತೆಗೆಯುವ ಮುಂಚೆ ಪ್ರತಿ ಸಾಲಿನ ಫೋಟೊ ತೆಗೆದುಕೊಳ್ಳಿ. ಅವರು ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಅನ್ನುವುದು ಆಮೇಲೆ ತುಂಬ ಉಪಯೋಗಕ್ಕೆ ಬರುತ್ತದೆ. ಕವರಿನೊಳಗೆ ಬಿಲ್ಲು, ಚೀಟಿ, ಕೆಲವೊಮ್ಮೆ ಕಾಗದ ಸಿಗುತ್ತವೆ. ಬಿಲ್ಲು ಅಲ್ಲೇ ಇರಲಿ. ಕಾಗದ ಓದದೆ ಮನೆಯವರಿಗೆ ಕೊಡಿ.

ಸಾಗಿಸಲು ಸಣ್ಣ ರಟ್ಟಿನ ಪೆಟ್ಟಿಗೆ ಸಾಕು. ನೂರು ಎಲ್‌ಪಿ (12 ಇಂಚಿನ ದೊಡ್ಡ ಪ್ಲೇಟು) ಅಂದರೆ ಸುಮಾರು 25 ಕೆಜಿ. ಪೆಟ್ಟಿಗೆಯಲ್ಲಿ ನಿಲ್ಲಿಸಿಯೇ ಇಡಿ. ಮಲಗಿಸಿ ಪೇರಿಸಿದರೆ ಕೆಳಗಿನವು ಮೊದಲ ಹೊಂಡದಲ್ಲೇ ಹೋಗುತ್ತವೆ.

2. ಯಾವ ಬಗೆ ಅಂತ ನೋಡಿ

ದಪ್ಪ, ಭಾರ, ಬಿದ್ದರೆ ಚೂರು: ಅದು 78, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು. ಹೆಚ್ಚಿನವು 10 ಇಂಚು, ಒಂದು ಬದಿಗೆ ಮೂರು ನಿಮಿಷದ ಹಾಡು. ಅರಗಿಗೆ ಕಲ್ಲಿನ ಪುಡಿ ಸೇರಿಸಿ ಮಾಡಿದ್ದು. ತೆಳ್ಳಗೆ, ಸ್ವಲ್ಪ ಬಳುಕುವಂಥದ್ದು ವಿನೈಲ್. 12 ಇಂಚಿನ ಎಲ್‌ಪಿ, 7 ಇಂಚಿನ ಇಪಿ ಈ ಗುಂಪಿಗೆ ಸೇರುತ್ತವೆ. ಬಳುಕುತ್ತದಾ ಅಂತ ಬಗ್ಗಿಸಿ ನೋಡಬೇಡಿ ಮತ್ತೆ. ತೂಕ, ದಪ್ಪ ನೋಡಿದರೆ ಗೊತ್ತಾಗುತ್ತದೆ.

ಹಾಡಿನ ವಯಸ್ಸು ನೋಡಿ ತೀರ್ಮಾನಕ್ಕೆ ಬರಬೇಡಿ. ಅಮೆರಿಕದಲ್ಲಿ ಎಲ್‌ಪಿ 1948ರಲ್ಲೇ ಬಂತು. ನಮ್ಮಲ್ಲಿ 1960ರ ದಶಕದಲ್ಲೂ 78 ಅಚ್ಚಾಗುತ್ತಿತ್ತು. ಒಂದೇ ಸಿನಿಮಾ ಹಾಡು ಎರಡೂ ಬಗೆಯಲ್ಲಿ ಸಿಗಬಹುದು.

ಕೈಬರಹದ ಲೇಬಲ್ ಇದ್ದು, ಅಂಚಿನಲ್ಲಿ ಅಲ್ಯೂಮಿನಿಯಂ ಕಾಣುತ್ತಿದ್ದರೆ ಪಕ್ಕಕ್ಕಿಡಿ. ಅದು ಅಂಗಡಿಯಲ್ಲಿ ಕೊಂಡದ್ದಲ್ಲ, ಯಾರೋ ಒಂದೇ ಪ್ರತಿ ಮುದ್ರಿಸಿಕೊಂಡದ್ದು. ಅದರ ಕಪ್ಪು ಪದರ ಎದ್ದು ಬರುತ್ತದೆ. ತೊಳೆಯಲೇಬಾರದು.

3. ತೊಳೆಯುವುದು

ಎಲ್ಲರೂ ಎಡವುವುದು ಇಲ್ಲೇ.

ಮೊದಲು ಕಾಲ ನೋಡಿ. ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡಿ. ಜೂನ್ ನಂತರ ನಮ್ಮಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪ್ಲೇಟಿನ ಗೀರು (ಮುಳ್ಳು ಓಡುವ, ಹಾಡು ತುಂಬಿದ ಸಣ್ಣ ಕಾಲುವೆ) ಒಣಗುತ್ತದಾ? ಒಳಗೆ ತೇವ ಉಳಿದರೆ ತೊಳೆದ ಬೂಷ್ಟು ವಾರದಲ್ಲಿ ವಾಪಸ್ಸು.

ಹೊರಗಿನ ಜಗಲಿಯಲ್ಲಿ ಕೂತು, ಮೂಗಿಗೆ ಮಾಸ್ಕ್ ಹಾಕಿ, ಒಣ ಬ್ರಷ್ಷಿನಿಂದ ಬೂಷ್ಟು ಉದುರಿಸಿ. ಮನೆಯೊಳಗೆ ಬೇಡ. ಅದರ ಪುಡಿ ಪಕ್ಕದ ಕಪಾಟಿನ ಪುಸ್ತಕಕ್ಕೂ ಹಿಡಿಯುತ್ತದೆ.

ಈಗ ಮುಖ್ಯ ಮಾತು. 78ಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ. ಆಚಾರಿಗಳು ಮೇಜಿಗೆ ಪಾಲಿಶ್ ಹಾಕಲು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲೇ ಅಲ್ವಾ? ಪ್ಲೇಟಿನ ಅರಗೂ ಅದೇ. ಕೊರೋನಾ ಕಾಲದ ಸ್ಯಾನಿಟೈಸರ್ ಬಾಟ್ಲಿ ಖಾಲಿ ಮಾಡುವ ಆಸೆಯಿಂದ ಉಜ್ಜಿದವರಿದ್ದಾರೆ. ಬಟ್ಟೆಗೆ ಕಪ್ಪು ಹತ್ತಿದ್ದನ್ನು ನೋಡಿ "ಎಷ್ಟು ಕೊಳೆ ಇತ್ತು ನೋಡಿ" ಅಂತ ಖುಷಿಪಟ್ಟರು. ಅದು ಕೊಳೆ ಅಲ್ಲ, ಹಾಡು. ಅಂಗಡಿಯಲ್ಲಿ ಸಿಗುವ ರೆಕಾರ್ಡ್ ಕ್ಲೀನರ್‌ಗಳಲ್ಲೂ ಆಲ್ಕೋಹಾಲ್ ಇರಬಹುದು. ಲೇಬಲ್ ಓದಿ.

78ಕ್ಕೆ ಬೇಕಾದದ್ದು ಡಿಸ್ಟಿಲ್ಡ್ ವಾಟರ್, ಒಂದು ಲೀಟರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಇಷ್ಟೇ. ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ತಂದರಾಯಿತು. ಕೇಳುವಾಗ ಆಸಿಡ್ ಅಲ್ಲ, ನೀರು ಅಂತ ಸರಿಯಾಗಿ ಹೇಳಿ. ನಮ್ಮ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲ) ನೀರು ಕುಡಿಯಲು ಚಂದ, ಇದಕ್ಕೆ ಬೇಡ. ನೀರು ಆರಿದ ಮೇಲೆ ಅದರಲ್ಲಿದ್ದ ಲವಣ ಗೀರಿನಲ್ಲೇ ಕೂರುತ್ತದೆ. ಸಮುದ್ರದ ಹತ್ತಿರದ ಬಾವಿಯಾದರೆ ಕೇಳುವುದೇ ಬೇಡ.

ಪ್ಲೇಟನ್ನು ನೀರಲ್ಲಿ ಮುಳುಗಿಸಬೇಡಿ. ಹಳೆಯ ಕೆಲವು 78ರ ನಡುವೆ ಬೇರೆ ಪದರ ಇರುತ್ತದೆ. ಬಿರುಕಿನಿಂದ ನೀರು ಇಳಿದರೆ ಅದು ಉಬ್ಬುತ್ತದೆ. ಮೆತ್ತನೆಯ ಬಟ್ಟೆಯನ್ನು ಅದ್ದಿ, ಹಿಂಡಿ, ಗೀರು ಹೋದ ದಿಕ್ಕಿನಲ್ಲೇ ದುಂಡಗೆ ಒರಸಿ. ಅಡ್ಡಡ್ಡ ಉಜ್ಜಬಾರದು. ಲೇಬಲ್ಲಿಗೆ ನೀರು ತಾಗಬಾರದು. ಅದರ ಮೇಲೆ ಒಂದು ಡಬ್ಬಿಯ ಮುಚ್ಚಳ ಒತ್ತಿ ಹಿಡಿದರೆ ಸುಲಭ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನ ಬಟ್ಟೆಯಲ್ಲಿ ಎರಡು ಸಲ, ಕೂಡಲೇ ಒಣ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಿರಿ. ಸೋಪು ಉಳಿದರೆ ಹಾಡಿಸುವ ಪ್ಲೇಯರಿನ ಮುಳ್ಳಿಗೆ ಮೆತ್ತಿಕೊಳ್ಳುತ್ತದೆ.

ವಿನೈಲ್ ಇಷ್ಟು ನಾಜೂಕಲ್ಲ. ಬೂಷ್ಟು ಜಾಸ್ತಿ ಇದ್ದರೆ ಮೂರು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಸೇರಿಸಬಹುದು. ಎರಡು ಬಾಟ್ಲಿಗೂ ದೊಡ್ಡದಾಗಿ ಹೆಸರು ಬರೆಯಿರಿ. ಯಾವ ಬಗೆ ಅಂತ ಸಂಶಯ ಇದ್ದರೆ ಆಲ್ಕೋಹಾಲ್ ಇಲ್ಲದ ಬಾಟ್ಲಿಯೇ ಸರಿ. ಮರದ ಅಂಟು ಸುರಿದು ಸಿಪ್ಪೆ ಸುಲಿಯುವ ವಿಡಿಯೋ ಓಡಾಡುತ್ತಿದೆ. ವಿನೈಲಿನಲ್ಲೇ ಅದು ಜೂಜು. 78ರಲ್ಲಿ ಅಂಟು ಬಿಡುವುದೇ ಇಲ್ಲ.

ಇನ್ನು ಒಣಗಿಸುವುದು. ಅಡಿಕೆ ಒಣಗಿಸಿ ಅಭ್ಯಾಸವಾದ ನಮಗೆ ಏನೇ ಒದ್ದೆಯಾದರೂ ಅಂಗಳಕ್ಕೆ ಹರಡುವ ಚಟ. ಬಿಸಿಲಿಗಿಟ್ಟ ಎಲ್‌ಪಿ ಸಂಜೆಗೆ ಕರಿದ ಹಲಸಿನ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇಸ್ತ್ರಿ ಹಾಕಿ ನೇರ ಮಾಡಿದೆ ಅನ್ನುವವರ ಮಾತು ನಂಬಬೇಡಿ. ನೆರಳಲ್ಲಿ, ಫ್ಯಾನಿನ ಕೆಳಗೆ, ಊಟದ ತಟ್ಟೆ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಒಂದು ರಾತ್ರಿ ಬಿಡಿ.

4. ಇಡುವುದು

ತೊಳೆದದ್ದನ್ನು ಹಳೆಯ ಬೂಷ್ಟಿನ ಕವರಿಗೇ ತುರುಕಿದರೆ ಮಾಡಿದ ಕೆಲಸ ದಂಡ. ಹೊಸ ಒಳಕವರ್ ಹಾಕಿ. ಮೆತ್ತಗೆ ಅಂಟಿಕೊಳ್ಳುವ ಪಿವಿಸಿ ಕವರ್ ಬೇಡ, ಅದು ವಿನೈಲಿನ ಮೇಲೆ ಮಂಜಿನಂಥ ಕಲೆ ಬಿಡುತ್ತದೆ. ಪಾಲಿಥೀನ್ ಒಳ್ಳೆಯದು. ಹಳೆಯ ಕಾಗದದ ಕವರ್‌ಗಳನ್ನು ಒಣ ಬ್ರಷ್ಷಿನಲ್ಲಿ ಕೊಡವಿ ಬೇರೆ ಕಟ್ಟಿಡಿ. ಅದರಲ್ಲಿ ಮಾರಿದ ಅಂಗಡಿಯ ಮೊಹರು ಇರುತ್ತದೆ. ಸೆಲೋಟೇಪ್ ಅಂಟಿಸಬೇಡಿ.

ಅಟ್ಟ ಬೇಡವೇ ಬೇಡ. ಹಂಚಿನ ಕೆಳಗೆ ಏಪ್ರಿಲಿನಲ್ಲಿ ಕಾವು, ಜುಲೈಯಲ್ಲಿ ತೇವ. ಒಳಕೋಣೆಯಲ್ಲಿ, ಗೋಡೆಗೆ ತಾಗದ, ನೆಲದಿಂದ ಎತ್ತರದ ಮರದ ಕಪಾಟು ಬೇಕು. ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು ಅಗ್ಗಕ್ಕೆ ಸಿಗುತ್ತದೆ, ಒಂದು ಮಳೆಗಾಲಕ್ಕೆ ಉಬ್ಬಿ ಬಗ್ಗುತ್ತದೆ. ನೆಟ್ಟಗೆ ನಿಲ್ಲಿಸಿ, ವಾಲಿಸಬೇಡಿ. ನುಸಿಗುಳಿಗೆ ಹಾಕಿದರೆ ಕವರಿನ ವಾಸನೆ ಜನ್ಮಕ್ಕೆ ಹೋಗುವುದಿಲ್ಲ. ಮೊದಲು ಅಳತೆ, ಆಮೇಲೆ ಭಾಷೆ, ಆಮೇಲೆ ಹಾಡಿದವರು. ಕನ್ನಡ, ಮಲಯಾಳ, ಹಿಂದಿ, ತಮಿಳು ಎಲ್ಲ ಇರುವ ನಮ್ಮೂರ ಸಂಗ್ರಹಕ್ಕೆ ಬೇರೆ ಕ್ರಮ ಹಿಡಿಸುವುದಿಲ್ಲ.

5. ಕೇಳುವುದು

ಕೀ ಕೊಡುವ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಬೇಡಿ, ಉಕ್ಕಿನ ಮುಳ್ಳು ಉಳುಮೆ ಮಾಡುತ್ತದೆ. ಆ ಮುಳ್ಳನ್ನು ಪ್ರತಿ ಬದಿಗೆ ಬದಲಿಸಬೇಕು. ವಿದ್ಯುತ್ ಪ್ಲೇಯರಿನಲ್ಲಿ 78 ಹಾಕಲು ವೇಗ ಒಂದಿದ್ದರೆ ಸಾಲದು, ಮುಳ್ಳೂ ಬೇರೆ. ಎಲ್‌ಪಿ ಮುಳ್ಳಿಗಿಂತ ಅದರ ತುದಿ ಸುಮಾರು ಮೂರು ಪಟ್ಟು ಅಗಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸೂಟ್‌ಕೇಸ್ ಪ್ಲೇಯರ್ ಷೋಕೇಸಿಗೆ ಚೆಂದ, ಅಷ್ಟೇ.

6. ಹೆಚ್ಚಾದದ್ದು

ಎಲ್ಲವನ್ನೂ ಇಟ್ಟುಕೊಳ್ಳಬೇಕಿಲ್ಲ. ಎರಡೆರಡು ಪ್ರತಿ ಇದ್ದರೆ ಕೇಳುವವರಿಗೆ ಕೊಡಿ. ಗುಜರಿಗೆ ಮಾತ್ರ ಬೇಡ. ಕೋಟ್ಟಯಂ ಜಿಲ್ಲೆಯ ಪ್ಲಾಶನಾಲಿನಲ್ಲಿ 78ಗಳ ದೊಡ್ಡ ಸಂಗ್ರಹ ಇರುವ ಗ್ರಾಮಫೋನ್ ಮ್ಯೂಸಿಯಂ ಇದೆ. ಮೊದಲು ಪಟ್ಟಿ ಕಳಿಸಿ, ಬೇಕೇ ಅಂತ ಕೇಳಿ. ಬೇಕೆಂದರೆ ಕೊರಿಯರಿಗೆ ಹಾಕದೆ ರೈಲಿನಲ್ಲಿ ಕೈಯಲ್ಲೇ ಕೊಂಡುಹೋಗಿ. ಪೆಟ್ಟಿಗೆ ಸೀಟಿನ ಅಡಿ ಇರಲಿ, ಮೇಲಿನ ಬರ್ತಿನಲ್ಲಿ ಬೇಡ.